ಏಳನೇ ಸ್ಲೈಡು

ಹಿಂದಿನ ರಾತ್ರಿ ಕನ್ನಡಿಯೆದುರು ಹೇಳಿ ನೋಡಿದ್ದೆ:
‘ಎಲ್ಲರಿಗೂ ನಮಸ್ಕಾರ, ನನ್ನ ದನಿ ಕೇಳಿಸುತ್ತಿದೆಯೇ?’
ಕನ್ನಡಿಯಲ್ಲಿದ್ದವಳಾದರೂ ತಲೆಯಾಡಿಸಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ದುರ್ಗಿಗುಡಿಯ ಕಚೇರಿಯಲ್ಲಿ
ಫ್ಯಾನು ನಿಲ್ಲಿಸಿ, ಕಿಟಕಿ ಹಾಕಿ,
ಖಾಲಿ ಲಸಿಕೆ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು
(ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕಂತೆ, ಸುಧೀಂದ್ರ ಹೇಳಿದ್ದು)
ಕೂತೆ.

ಹದಿನೆಂಟು ವರ್ಷ ಅಂಗನವಾಡಿ ಜಗಲಿಗಳಲ್ಲಿ
ಮಾತಾಡಿದವಳು ನಾನು.
ಯಾರಿಗೆ ಅರ್ಥವಾಗಿಲ್ಲವೆಂದು
ಅವರ ಸೆರಗಿನ ತುದಿಯೇ ಹೇಳುತ್ತಿತ್ತು,
ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ.
ಇಲ್ಲಿ ನಲವತ್ತಾರು ಕಪ್ಪು ಚೌಕ.
ರೆಡ್ಮಿ ನೋಟ್. ಒಪ್ಪೊ. ವಿವೋ. ಇನ್ನೊಂದು ವಿವೋ.
‘ಚಿರಾಗ್ ಗೇಮಿಂಗ್’ ಅಂತ ಒಂದು.
ಯಾರ ಮಗನ ಫೋನೋ,
ಅದರೊಳಗೆ ಕೂತ ತಾಯಿ ಯಾರೋ.

ಮಂಗನ ಕಾಯಿಲೆ. ಮೂವತ್ತೆರಡು ಸ್ಲೈಡು.
ಎಳ್ಳಿಗಿಂತ ಸಣ್ಣ ಉಣುಗನ್ನು
ಹಲಸಿನ ಬೀಜದಷ್ಟು ಮಾಡಿ ತೋರಿಸಿದೆ.
‘ಅರ್ಥ ಆಯ್ತಾ?’ ಅಂದೆ.
ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ ಕಾದೆ.
ಒಂದು ಹಳದಿ ಹೆಬ್ಬೆರಳು ಮೇಲೆದ್ದಿತು.
ಯಾರದೆಂದು ನೋಡುವಷ್ಟರಲ್ಲಿ ಮುಳುಗಿತು.

ಏಳನೇ ಸ್ಲೈಡು. ಕೆಂಪು ಅಕ್ಷರ, ಕೆಳಗೆ ಗೆರೆ:
ಕಾಡಿನ ತರಗೆಲೆಯ ಮೇಲೆ ಕೂರಬಾರದು.
ಎರಡು ಸಲ ಓದಿದೆ.
ಎಲ್ಲಿಂದಲೋ ಸರಸರ ಸದ್ದು.
‘ಯಾರದು, ಮೈಕ್ ಆಫ್ ಮಾಡಿ’ ಎಂದು ತುಸು ಗದರಿದೆ.
ಸದ್ದು ನಿಂತಿತು. ಆಮೇಲೆ ಒಂದು ದನಿ:

‘ನಾನು ಗುತ್ಯಮ್ಮ ಮೇಡಂ. ತಪ್ಪು ತಿಳ್ಕಬೇಡಿ.
ನಾನೀಗ ತರಗಿನ್ ಮೇಲೇ ಕುಂತ್ಕಂಡಿದೀನಿ.
ಈ ಗುಡ್ಡ ಬಿಟ್ರೆ ನಮ್ಗೆ ಎಲ್ಲೂ ಸಿಗ್ನಲ್ ಇಲ್ಲ.’

‘ನಾನೂ’ ಅಂದಳು ಜುಬೇದಾ.
‘ನಾನು ಬಂಡೆ ಮೇಲಿದೀನಿ, ಸುತ್ತ ಎಲ್ಲಾ ಅದೇ.’
‘ನಾವು ಮೂರು ಜನ ಒಂದೇ ಫೋನಲ್ಲಿ,
ಸಾಗುವಾನಿ ಪ್ಲಾಂಟೇಶನ್ ಒಳಗೆ.’
‘ಎಣ್ಣೆ ಹಚ್ಕೊಂಡಿದೀರಾ?’ ಅಂದೆ.
‘ಸ್ಟಾಕ್ ಬಂದಿಲ್ವಲ್ಲ ಮೇಡಂ.
ಬರುತ್ತೆ ಅಂತ ನೀವೇ ಹೇಳಿದ್ರಿ.’

ಸುತ್ತೋಲೆಯಲ್ಲಿ ಹಾಜರಿ ಕಡ್ಡಾಯ ಎಂದು ಬರೆದವಳು ನಾನು.
ಕೆಳಗೆ ಸಹಿಯೂ ನನ್ನದೇ.

ಎಂಟನೇ ಸ್ಲೈಡಿನಲ್ಲಿ ಏನಿತ್ತೋ ಈಗ ನೆನಪಿಲ್ಲ.
‘ಎದ್ದು ನಿಲ್ಲಿ’ ಅಂದೆ, ‘ಎಲ್ಲರೂ. ಸೀರೆ ಕೊಡವಿ.’
ಆಗ ಕೇಳಿಸಿತು ನೋಡಿ,
ಒಂದಾದ ಮೇಲೊಂದು ಮೈಕು ತೆರೆದು
ಹೊಸನಗರ, ಸಾಗರ, ತೀರ್ಥಹಳ್ಳಿ,
ಮೂರು ತಾಲ್ಲೂಕಿನ ತರಗೆಲೆ
ನನ್ನ ಮುಚ್ಚಿದ ಕೋಣೆಯೊಳಗೆ ಮುರಿಯುವ ಸದ್ದು.
ಬಳೆ. ಕೆಮ್ಮು. ಯಾರೋ ನಕ್ಕರು.
ನಾನೂ ಎದ್ದು ನಿಂತಿದ್ದೆ,
ಮೂರನೇ ಮಹಡಿಯಲ್ಲಿ, ಟೈಲ್ಸಿನ ಮೇಲೆ,
ನೆರಿಗೆ ಕೊಡವುತ್ತ.

ಮಿಕ್ಕ ಹೊತ್ತೆಲ್ಲ ಮಾತಾಡಿದವಳು ಗುತ್ಯಮ್ಮ.
ಯಾವ ಹಳ್ಳದ ಕಡೆಯಿಂದ ನಾತ ಬರುತ್ತಿದೆ,
ಸತ್ತ ಮಂಗ ಕಂಡವರು ಯಾಕೆ ಹೇಳುವುದಿಲ್ಲ,
ಸೌದೆಗೆ ಹೋಗಬೇಡ ಅಂದರೆ ಒಲೆಗೇನು ಹಾಕಬೇಕು.
ನಾನು ಹ್ಞೂಂ ಅಂದೆ. ಬರೆದುಕೊಂಡೆ.
ನನಗೆ ಬಂದ ಕೆಲಸ ಅಷ್ಟೇ ಇತ್ತು ಅಂತ
ಅಷ್ಟು ಹೊತ್ತಿಗೆ ತಿಳಿದಿತ್ತು.

ಸಂಜೆ ವರದಿ ತುಂಬುವಾಗ ‘ಸ್ಥಳ’ ಎಂಬಲ್ಲಿ
ಆನ್‌ಲೈನ್ ಎಂದು ಬರೆದು, ಹೊಡೆದು ಹಾಕಿ,
ಖಾಲಿ ಬಿಟ್ಟೆ.

ಎಂಟು ದಿನ, ದಿನಕ್ಕೆ ನಲವತ್ತಾರು ಫೋನು.
ಜ್ವರ ಇದೆಯಾ? ಸೊಂಟ ನೋವು? ಕಣ್ಣು ಕೆಂಪು?
ಗುತ್ಯಮ್ಮನಿಗಂತೂ ಮೆಸೇಜು ಬಿಟ್ಟು ಕಾಯಬೇಕು,
ಈಗ ಅವಳು ರಸ್ತೆವರೆಗೂ ನಡೆದು ಬಂದು ಮಾತಾಡುತ್ತಾಳೆ:
‘ಇಲ್ಲ ಮೇಡಂ. ನೀವು ಹೆಂಗಿದೀರಿ?’

ಕೊನೆಯ ದಿನ ಚಿರಾಗ್ ಎತ್ತಿದ.
ಅಮ್ಮ ಹಂಡೆ ಒಲೆ ಹಚ್ಚಿ ಬಟ್ಟೆ ಕುದಿಸುತ್ತಿದ್ದಾಳಂತೆ.
‘ನಿಮ್ಮಮ್ಮನ ಹೆಸರೇನಪ್ಪ?’ ಅಂದೆ.
ಮೊದಲು ಕೇಳಬೇಕಾಗಿದ್ದುದು.
ಅವನು ಫೋನು ಹಿಡಿದೇ ಹಿತ್ತಿಲಿಗೆ ಕೂಗಿದ:
‘ಅಮ್ಮಾ, ನಿನ್ ಹೆಸರು ಕೇಳ್ತಿದಾರೆ!’